ನಾಕೆ ದಾಟಿದ ಅಕ್ಷರಗಳು

ಪುಣೆಯಲ್ಲಿ ನೆಲೆಸಿದ ಕನ್ನಡಿಗರಲ್ಲಿ ಸ್ವಾರಗೇಟವನ್ನು ಅರಿಯದವರಿಲ್ಲ. ಬೆಳಗಾವಿ, ಹುಬ್ಬಳ್ಳಿ, ವಿಜಯಪುರಗಳ ಕಡೆಯಿಂದ ರಾತ್ರಿಯ ಬಸ್ಸು ಹಿಡಿದು ಬಂದವನು ನಸುಕಿನಲ್ಲಿ ಒಂದು ಕೈಯಲ್ಲಿ ಟ್ರಂಕು, ಇನ್ನೊಂದು ಕೈಯಲ್ಲಿ ರೊಟ್ಟಿಯ ಗಂಟು ಹಿಡಿದು ಈ ಊರಿನಲ್ಲಿ ಮೊದಲು ಕಾಲೂರಿದ ನೆಲ ಅದು. ಆ ಹೆಸರಿನ ಬಗ್ಗೆ ಒಂದು ಮಾತು ರೂಢಿಯಲ್ಲಿದೆ. ಹಿಂದೆ ಊರಿನ ಈ ಅಂಚಿನಲ್ಲಿ ಕುದುರೆಯ ಸವಾರರು ಕಾವಲು ನಿಲ್ಲುತ್ತಿದ್ದರಂತೆ. ಒಳಗೆ ಬರುವವರನ್ನು ನೋಡಿ ಬಿಡುತ್ತಿದ್ದ ನಾಕೆ ಇಲ್ಲಿತ್ತಂತೆ. ಸವಾರರ ಗೇಟೇ ಜನರ ಬಾಯಲ್ಲಿ ಸ್ವಾರಗೇಟವಾಯಿತಂತೆ. ಸವಾರರು ಹೋದರು, ನಾಕೆಯೂ ಹೋಯಿತು, ಹೆಸರು ಮಾತ್ರ ಉಳಿಯಿತು.

ಈ ಲೇಖನದಲ್ಲಿ ನಾನು ಹೇಳಹೊರಟಿರುವುದು ಇನ್ನೊಂದು ನಾಕೆಯ ಇತಿಹಾಸ. ಅದು ಕಣ್ಣಿಗೆ ಕಾಣುವಂಥದಲ್ಲ. ಗಣಕಯಂತ್ರಗಳ ಲೋಕದಲ್ಲಿ ಒಂದು ಹೊಸ ತಂತ್ರಾಂಶವು ಲಿನಕ್ಸ್ ಎಂಬ ವ್ಯವಸ್ಥೆಯೊಳಗೆ ಸೇರಬೇಕಾದರೆ ಯಾವ ಪರೀಕ್ಷೆಗೆ ಒಳಗಾಗಬೇಕು, ಯಾರು ಅದನ್ನು ಪರೀಕ್ಷಿಸುವರು, ನಮ್ಮ ಕನ್ನಡದ ಅಕ್ಷರಗಳು ಆ ನಾಕೆಯನ್ನು ಹೇಗೆ ದಾಟಿದವು ಎಂಬುದೇ ಇಲ್ಲಿಯ ವಿಷಯ. ಇದು ಇಂಜಿನಿಯರರ ಮಾತು, ನಮಗೇಕೆ ಎಂದು ವಾಚಕರು ಪುಟ ತಿರುವಬಾರದೆಂದು ಬಿನ್ನಹ. ಈ ಕಥೆಯ ಮುಖ್ಯ ಭಾಗ ನಡೆದುದು ಸ್ವಾರಗೇಟದ ಸುತ್ತಲೇ; ಅದರ ಕೊನೆಯ ಭಾಗ ನಮ್ಮ ಮನೆಯ ಮಕ್ಕಳ ಕೈಯಲ್ಲಿದೆ.

ಮೊದಲು ಲಿನಕ್ಸ್ ಎಂದರೇನೆಂದು ಎರಡು ಮಾತು. 1991ರಲ್ಲಿ ಫಿನ್ಲೆಂಡ್ ದೇಶದ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸ್ ಎಂಬ ತರುಣನು ಗಣಕಯಂತ್ರವನ್ನು ನಡೆಸುವ ಮೂಲ ತಂತ್ರಾಂಶವೊಂದನ್ನು ಬರೆದು ಎಲ್ಲರ ಮುಂದೆ ಇಟ್ಟನು. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಆದರೆ ಅದೊಂದರಿಂದಲೇ ಮನೆ ನಡೆಯದು. ಪತ್ರ ಬರೆಯಲು, ಲೆಕ್ಕವಿಡಲು, ಚಿತ್ರ ನೋಡಲು ಬೇರೆ ಬೇರೆ ತಂತ್ರಾಂಶಗಳು ಬೇಕು. ಅವನ್ನು ಬರೆದವರು ದೇಶದೇಶಗಳಲ್ಲಿ ಚದರಿದ್ದಾರೆ. ಇವನ್ನೆಲ್ಲ ಆರಿಸಿ, ಒಂದಕ್ಕೊಂದು ಹೊಂದಿಸಿ, ಒಂದೊಂದನ್ನೂ ಅಚ್ಚುಕಟ್ಟಾದ ಪೊಟ್ಟಣವಾಗಿ ಕಟ್ಟಿ ಜನರಿಗೆ ತಲುಪಿಸುವ ಏರ್ಪಾಡಿಗೆ ವಿತರಣೆ ಎಂದು ಹೆಸರು. 1993ರಲ್ಲಿ ಇಯನ್ ಮರ್ಡಾಕ್ ಆರಂಭಿಸಿದ ಡೆಬಿಯನ್, 2003ರಲ್ಲಿ ಹೊರಬಂದ ಫೆಡೋರಾ, ಇವೆರಡೂ ಅಂಥ ಹೆಸರಾಂತ ವಿತರಣೆಗಳು.

ಇನ್ನು ನಮ್ಮ ಅಕ್ಷರಗಳ ಪ್ರಯಾಣ. ಭಾರತೀಯ ಲಿಪಿಗಳನ್ನು ಗಣಕಯಂತ್ರಕ್ಕೆ ಕಲಿಸಿದ ಊರುಗಳಲ್ಲಿ ಪುಣೆಗೆ ಮೊದಲ ಸಾಲಿನ ಸ್ಥಾನವಿದೆ. 1988ರಲ್ಲಿ ಇಲ್ಲಿ ಸ್ಥಾಪಿತವಾದ ಸಿ-ಡ್ಯಾಕ್ ಸಂಸ್ಥೆಯು ಕಾನಪುರದ ಐ.ಐ.ಟಿ.ಯಲ್ಲಿ ಬೆಳೆದ ಜಿಸ್ಟ್ ಎಂಬ ತಂತ್ರವನ್ನು ಇಲ್ಲಿಗೆ ತಂದು ಮುಂದುವರಿಸಿತು. ಭಾರತೀಯ ಲಿಪಿಗಳಿಗೆಲ್ಲ ಒಂದೇ ಬಗೆಯ ಸಂಕೇತವನ್ನು ಕೊಟ್ಟ ಇಸ್ಕಿ ಮಾನಕವು 1991ರಲ್ಲಿ ರಾಷ್ಟ್ರದ ಮಾನಕವಾಯಿತು. ಅದೇ ವರ್ಷ ಜಗತ್ತಿನ ಲಿಪಿಗಳನ್ನೆಲ್ಲ ಒಂದೇ ಪಟ್ಟಿಯಲ್ಲಿ ಹಿಡಿಯಲು ಹೊರಟ ಯುನಿಕೋಡಿನ ಮೊದಲ ಆವೃತ್ತಿ ಹೊರಬಂದಿತು. ಅದರಲ್ಲಿ ಕನ್ನಡಕ್ಕೆ ದೊರೆತ ಮನೆಗಳ ಸಾಲು ಇಸ್ಕಿಯ ಕ್ರಮವನ್ನೇ ಅನುಸರಿಸಿತ್ತು.

ಸಂಕೇತವಾದರೆ ಸಾಲದು, ಕಣ್ಣಿಗೆ ಕಾಣುವ ಅಕ್ಷರರೂಪ ಬೇಕು. ಅದಕ್ಕೆ ಫಾಂಟ್ ಎನ್ನುವರು. ಸ್ವಾರಗೇಟದಿಂದ ಸಾತಾರಾ ರಸ್ತೆ ಹಿಡಿದು ದಕ್ಷಿಣಕ್ಕೆ ಹೊರಟರೆ, ಕಾತ್ರಜಕ್ಕೆ ಬಹಳ ಮೊದಲೇ ಇಲೆಕ್ಟ್ರಾನಿಕ್ ಸಹಕಾರಿ ಎಸ್ಟೇಟು ಎಂಬ ಕೈಗಾರಿಕೆಯ ವಸಾಹತು ಸಿಗುತ್ತದೆ. ಶ್ರೀಲಿಪಿ ಎಂಬ ತಂತ್ರಾಂಶದಿಂದ ಅಚ್ಚುಮನೆಗಳಿಗೆಲ್ಲ ಪರಿಚಿತವಾದ ಮಾಡ್ಯುಲರ್ ಇನ್ಫೋಟೆಕ್ ಸಂಸ್ಥೆಯ ವಿಳಾಸ ಅಲ್ಲಿಯದು. ಕರ್ನಾಟಕದ ಬಸ್ಸುಗಳು ದಿನಾಲು ಅದರ ಮುಂದೆ ಹಾಯ್ದು ಹೋಗುತ್ತಿದ್ದವು. ಒಳಗೆ ಕುಳಿತ ನಾವು ತೂಕಡಿಸುತ್ತಿದ್ದೆವು. ರೆಡ್ ಹ್ಯಾಟ್ ಎಂಬ ಅಮೇರಿಕೆಯ ಸಂಸ್ಥೆಯು 2000ರ ದಶಕದಲ್ಲಿ ಲಿನಕ್ಸಿಗಾಗಿ ಭಾರತೀಯ ಫಾಂಟುಗಳನ್ನು ಪಡೆದುದು ಈ ಸಂಸ್ಥೆಯಿಂದಲೇ. ಮೊದಲು ಕೆಲವು ಭಾಷೆಗಳಿಗೆ, ಬಳಿಕ ಕನ್ನಡಕ್ಕೂ ಅವು ಬಂದವು. ಅವಕ್ಕೆ ಲೋಹಿತ ಎಂದು ಹೆಸರಿಟ್ಟರು. ಸಂಸ್ಕೃತದಲ್ಲಿ ಲೋಹಿತವೆಂದರೆ ಕೆಂಪು. ಕೆಂಪು ಟೊಪ್ಪಿಗೆಯ ಸಂಸ್ಥೆಗೆ ಒಪ್ಪುವ ಹೆಸರು. ಮುಂದೆ ಅವನ್ನು ತಿದ್ದಿ ತೀಡಿ ನೋಡಿಕೊಂಡ ಕೆಲಸವೂ ಅದೇ ಸಂಸ್ಥೆಯ ಪುಣೆಯ ಕಛೇರಿಯಲ್ಲಿ ನಡೆಯಿತು. ಆ ಕಛೇರಿಯು ಬಹುಕಾಲ ಇದ್ದುದು ಹಡಪಸರದ ಮಗರಪಟ್ಟಾದಲ್ಲಿ. ಹೀಗೆ ಸ್ವಾರಗೇಟದಿಂದ ದಕ್ಷಿಣಕ್ಕೆ ಹೋಗುವ ಹಾದಿಯಲ್ಲಿ ಅಕ್ಷರ ಹುಟ್ಟಿತು. ಪೂರ್ವಕ್ಕೆ ಸೋಲಾಪುರದ ಕಡೆ ಹೋಗುವ ಹಾದಿಯಲ್ಲಿ ಅದರ ಸಾಕಣೆ ನಡೆಯಿತು.

ಇದೇ ಕಾಲದಲ್ಲಿ ಕನ್ನಡನಾಡಿನಿಂದಲೂ ಅಕ್ಷರಗಳು ಹೊರಟವು. ಬೆಂಗಳೂರಿನಲ್ಲಿ ಸಿದ್ಧವಾದ ಕೇದಗೆ, ಮಲ್ಲಿಗೆ ಎಂಬ ಫಾಂಟುಗಳು ಡೆಬಿಯನ್ನಿಗೆ ಸೇರಿದವು. ಅರವಿಂದ ವಿ. ಕೆ. ಎಂಬ ತಂತ್ರಜ್ಞರ ದುಡಿಮೆಯಿಂದ ಗುಬ್ಬಿ ಎಂಬ ಫಾಂಟೂ, ಕೈಬರಹದ ರೂಪದ ನವಿಲು ಎಂಬ ಫಾಂಟೂ ಬಂದು ಅಲ್ಲಿಯೇ ನೆಲೆಯಾದವು. ಹೂವು ಹಕ್ಕಿಗಳ ಹೆಸರು ಹೊತ್ತ ಇವು ಜರ್ಮನಿಯಲ್ಲಿ ಕುಳಿತ ಒಬ್ಬನ ಯಂತ್ರಕ್ಕೂ ಒಂದೇ ಆಜ್ಞೆಗೆ ಬಂದಿಳಿಯುತ್ತವೆ. ಇನ್ನೊಂದು ಸೋಜಿಗ. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವು ಕನ್ನಡ ಗಣಕ ಪರಿಷತ್ತಿನ ಮೊದಲಕ್ಷರಗಳಿಂದ ಕಗಪ ಎನಿಸಿಕೊಂಡಿತಷ್ಟೆ. ಲಿನಕ್ಸಿನ ಕೀಲಿಮಣೆಗಳ ಪಟ್ಟಿಯನ್ನು ತೆರೆದು ನೋಡಿದರೆ ಹಿಂದಿ, ಸಂಸ್ಕೃತ, ತೆಲುಗುಗಳಿಗೂ ಕಗಪ ಉಂಟು, ಮರಾಠಿಗೂ ಉಂಟು. ನಮ್ಮ ನೆರೆಮನೆಯ ಮರಾಠಿ ಬಂಧುವು ಕನ್ನಡದ ಹೆಸರು ಹೊತ್ತ ವಿನ್ಯಾಸದಲ್ಲಿ ತನ್ನ ಭಾಷೆಯನ್ನು ಬರೆಯಬಹುದು. ಭಾಷೆಗಳ ನಡುವಿನ ಇಂಥ ಕೊಡುಕೊಳ್ಳುವಿಕೆಗೆ ಮೆರವಣಿಗೆ ಬೇಕಾಗುವುದಿಲ್ಲ.

ಇರಲಿ. ಈಗ ನಾಕೆಯ ವಿಚಾರ. ಯಾರು ಬರೆದರೂ, ಎಷ್ಟು ಚೆನ್ನಾಗಿ ಬರೆದರೂ, ಅದು ತಾನಾಗಿ ವಿತರಣೆಯೊಳಗೆ ಸೇರುವುದಿಲ್ಲ. 1997ರಲ್ಲಿ ಡೆಬಿಯನ್ ಮಂಡಳಿಯವರು ತಮ್ಮ ಸಾಮಾಜಿಕ ಕರಾರು ಎಂಬುದನ್ನು ಪ್ರಕಟಿಸಿ, ಸ್ವತಂತ್ರ ತಂತ್ರಾಂಶವೆಂದರೆ ಯಾವುದು, ಯಾವುದು ಅಲ್ಲ ಎಂದು ಗೆರೆ ಕೊರೆದರು. ಅಂದಿನಿಂದ ಇಂದಿನವರೆಗೆ ಹೊಸ ಪೊಟ್ಟಣವು ಅಲ್ಲಿ ಒಂದು ಸರದಿಯಲ್ಲಿ ನಿಂತು, ಭಂಡಾರವನ್ನು ಕಾಯುವವರ ಕಣ್ಣ ಮುಂದೆ ಹಾಯ್ದೇ ಒಳಗೆ ಹೋಗಬೇಕು. ಫೆಡೋರಾದ ಪದ್ಧತಿ ತುಸು ಬೇರೆ. ಇತಿಹಾಸದ ದೃಷ್ಟಿಯಿಂದ ಅದು ಹೆಚ್ಚು ಬೋಧಪ್ರದವಾದುದು. ಆರಂಭದಲ್ಲಿ ಅದಕ್ಕೆ ಎರಡು ಅಂಕಣಗಳಿದ್ದವು. ಒಂದರಲ್ಲಿ ಸಂಸ್ಥೆಯ ನೌಕರರು ಕಟ್ಟಿದ ಪೊಟ್ಟಣಗಳು. ಇನ್ನೊಂದರಲ್ಲಿ ಹೊರಗಿನ ಸ್ವಯಂಸೇವಕರು ಕಟ್ಟಿದವು. ಪರೀಕ್ಷೆಯ ಕಟ್ಟುಪಾಡು ಬಿಗಿಯಾಗಿದ್ದುದು ಸ್ವಯಂಸೇವಕರಿಗೆ. 2007ರ ಮೇ ತಿಂಗಳಲ್ಲಿ ಹೊರಬಂದ ಏಳನೆಯ ಆವೃತ್ತಿಯಲ್ಲಿ ಎರಡು ಅಂಕಣಗಳೂ ಒಂದಾದವು. ಆಗ ಮಾಡಿದ ನಿರ್ಣಯ ಗಮನಾರ್ಹವಾದುದು: ಸಂಸ್ಥೆಯ ಹಳೆಯ ಪೊಟ್ಟಣಗಳೂ ಅದೇ ಒರೆಗಲ್ಲಿಗೆ ಹಚ್ಚಿಸಿಕೊಳ್ಳಬೇಕು. ಭಾರತೀಯ ಭಾಷೆಗಳ ಫಾಂಟುಗಳ ಪೊಟ್ಟಣವೂ ಆ ಸಾಲಿನಲ್ಲಿ ಬಂದಿತು. ನಿರ್ಣಯ ಮಾಡಿದಷ್ಟು ಸುಲಭವಾಗಿ ಕೆಲಸ ಮುಗಿಯಲಿಲ್ಲವೆಂಬುದೂ ನಿಜ. ಎಷ್ಟೋ ಹಳೆಯ ಪೊಟ್ಟಣಗಳ ಪರೀಕ್ಷೆ ವರ್ಷಾನುಗಟ್ಟಲೆ ಅರ್ಧಕ್ಕೆ ನಿಂತಿತ್ತು. ಆದರೂ ಮನೆಯವರಿಗೊಂದು ನ್ಯಾಯ, ಹೊರಗಿನವರಿಗೊಂದು ನ್ಯಾಯ ಇರಬಾರದೆಂಬ ತತ್ತ್ವ ಸ್ಥಾಪಿತವಾಯಿತು.

ಪರೀಕ್ಷೆ ನಡೆಯುವ ಬಗೆ ಹೀಗಿದೆ. ಪೊಟ್ಟಣ ಕಟ್ಟಿದವನು ಎಲ್ಲರೂ ಓದಬಹುದಾದ ವಹಿಯಲ್ಲಿ ಅರ್ಜಿ ಹಾಕುತ್ತಾನೆ. ಬೇರೊಬ್ಬನು ಅದನ್ನು ಪರೀಕ್ಷೆಗೆ ಎತ್ತಿಕೊಳ್ಳುತ್ತಾನೆ. ಕಟ್ಟಿದವನೇ ಪರೀಕ್ಷಕನಾಗುವಂತಿಲ್ಲ, ಇದು ಮೊದಲ ನಿಯಮ. ಅರ್ಜಿದಾರನು ಹೊಸಬನಾಗಿದ್ದರೆ ಹಳಬನೊಬ್ಬನು ಅವನಿಗೆ ಜಾಮೀನು ನಿಲ್ಲಬೇಕು. ಎತ್ತಿಕೊಂಡ ಅರ್ಜಿಗೆ ಪ್ರಶ್ನೆಯ ಚಿಹ್ನೆ ಬೀಳುತ್ತದೆ; ಎಲ್ಲ ಒಪ್ಪಿಗೆಯಾದ ಮೇಲೆ ಅಧಿಕ ಚಿಹ್ನೆ ಬೀಳುತ್ತದೆ. ಈ ಎರಡು ಚಿಹ್ನೆಗಳ ನಡುವಿನ ಅವಧಿಯು ಒಂದು ದಿನವೂ ಆಗಬಹುದು, ಒಂದು ವರ್ಷವೂ ಆಗಬಹುದು.

ಪರೀಕ್ಷಕನು ಮೊದಲು ಹೆಸರನ್ನು ನೋಡುತ್ತಾನೆ. ಬಳಿಕ ಹಕ್ಕಿನ ಪತ್ರವನ್ನು. ಬರೆದವನು ಹಂಚಲು, ತಿದ್ದಲು ನಿಜವಾಗಿ ಅಪ್ಪಣೆ ಕೊಟ್ಟಿರುವನೇ? ಆ ಅಪ್ಪಣೆಯ ಬರಹ ಪೊಟ್ಟಣದಲ್ಲಿ ಇದೆಯೇ? ಅನಂತರ ಮೂಲವನ್ನು ನೋಡುತ್ತಾನೆ. ಅರ್ಜಿದಾರನು ಕೊಟ್ಟ ಪ್ರತಿಯನ್ನು ನಂಬದೆ, ಮೂಲಕರ್ತನ ಮನೆಯಿಂದ ತಾನೇ ಒಂದು ಪ್ರತಿ ತಂದು, ಗಣಿತದ ಒಂದು ಉಪಾಯದಿಂದ ಎರಡನ್ನೂ ಹೋಲಿಸುತ್ತಾನೆ. ನಡುವೆ ಒಂದು ಚುಕ್ಕೆ ವ್ಯತ್ಯಾಸವಾಗಿದ್ದರೂ ಆ ಲೆಕ್ಕದ ಉತ್ತರ ಬೇರೆಯಾಗುತ್ತದೆ. ಆಮೇಲೆ ಪೊಟ್ಟಣವನ್ನು ಬರಿದಾದ ಕೋಣೆಯಂಥ ಒಂದು ವ್ಯವಸ್ಥೆಯಲ್ಲಿ ಹೊಸದಾಗಿ ಕಟ್ಟಿ ನೋಡುತ್ತಾನೆ. ಇದು ಮದುವೆಯ ಅಡಿಗೆಯವನು ಬರೆದುಕೊಟ್ಟ ಸಾಮಾನಿನ ಯಾದಿಯನ್ನು ಪರೀಕ್ಷಿಸಿದಂತೆ. ಯಾದಿಯಲ್ಲಿ ಹುಣಿಸೆಹಣ್ಣು ಮರೆತಿದ್ದರೆ ಅವನ ಸ್ವಂತ ಮನೆಯಲ್ಲಿ ಅದು ತಿಳಿಯುವುದಿಲ್ಲ. ಮಾಡದ ಮೇಲಿನ ಡಬ್ಬಿಯಲ್ಲಿ ಹೇಗೂ ಇರುತ್ತದೆ. ಯಾದಿಯಲ್ಲಿ ಇದ್ದಷ್ಟನ್ನೇ ಇಟ್ಟ ಹೊಸ ಅಡಿಗೆಮನೆಯಲ್ಲಿ ಸಾರು ಮಾಡಿಸಿದರೆ ತಪ್ಪು ಬಯಲಾಗುತ್ತದೆ. ಕೆಲವು ಸಣ್ಣ ತಪ್ಪುಗಳನ್ನು ಹಿಡಿಯಲು ಯಂತ್ರದ ಸಹಾಯವೂ ಉಂಟು. ಆದರೆ ಯಂತ್ರ ಹೇಳಿದ್ದನ್ನು ತೂಗಿ ನೋಡುವವನು ಮನುಷ್ಯನೇ.

ಫಾಂಟುಗಳಿಗೆ ಇನ್ನಷ್ಟು ನಿಯಮಗಳಿವೆ. ಒಂದು ತಂತ್ರಾಂಶದ ಹೊಟ್ಟೆಯೊಳಗೆ ಫಾಂಟನ್ನು ಅಡಗಿಸಿ ತರುವಂತಿಲ್ಲ. ಅದಕ್ಕೆ ತನ್ನದೇ ಪೊಟ್ಟಣ ಬೇಕು. ಸಾಧ್ಯವಿದ್ದಲ್ಲೆಲ್ಲ ಸಿದ್ಧವಾದ ಫಾಂಟನ್ನಲ್ಲ, ಅದರ ಮೂಲ ರೇಖಾಚಿತ್ರಗಳಿಂದಲೇ ಅದನ್ನು ಕಟ್ಟಬೇಕು. ಗಡಿಗೆಯನ್ನಷ್ಟೇ ಕೊಟ್ಟರೆ ಸಾಲದು, ಮಣ್ಣನ್ನೂ ತಿಗರಿಯನ್ನೂ ತೋರಿಸಬೇಕೆಂಬ ಹಾಗೆ. ಹಕ್ಕಿನ ಪ್ರಶ್ನೆಯೂ ಇಲ್ಲಿ ಸೂಕ್ಷ್ಮವಾದುದು. ಲೋಹಿತ ಫಾಂಟುಗಳು ಮೊದಲು ತಂತ್ರಾಂಶಕ್ಕಾಗಿ ಬರೆದ ಸಾಮಾನ್ಯ ಪರವಾನಗಿಯಲ್ಲಿ ಬಂದವು. ಆದರೆ ಫಾಂಟು ಬರೆದವರ ಪತ್ರದೊಳಗೆ ಸೇರಿಕೊಂಡು ಹೋಗುವ ವಸ್ತು. ಹಾಗಾದರೆ ಆ ಪತ್ರಕ್ಕೂ ಅದೇ ಷರತ್ತು ಅನ್ವಯಿಸುವುದೇ ಎಂಬ ಸಂದೇಹಕ್ಕೆ ಆಸ್ಪದವಿತ್ತು. 2011ರ ಸೆಪ್ಟೆಂಬರದಲ್ಲಿ ಲೋಹಿತವನ್ನು ಫಾಂಟುಗಳಿಗಾಗಿಯೇ ಬರೆದ ಮುಕ್ತ ಪರವಾನಗಿಗೆ ಬದಲಿಸಿದರು; ಅದರಲ್ಲಿ ಪತ್ರಕ್ಕೆ ಯಾವ ಬಂಧನವೂ ಇಲ್ಲವೆಂದು ಸ್ಪಷ್ಟವಾಗಿದೆ. ಅದೇ ವರ್ಷದ ನವೆಂಬರದಲ್ಲಿ ಶಿವಾಜಿನಗರದ ಇಂಜಿನಿಯರಿಂಗ್ ಕಾಲೇಜಿನಲ್ಲಿಯೂ, 2015ರ ಜೂನದಲ್ಲಿ ಕೋಥರೂಡದ ಎಂ.ಐ.ಟಿ.ಯಲ್ಲಿಯೂ ಫೆಡೋರಾದ ಸಮ್ಮೇಳನಗಳು ಕೂಡಿದ್ದವು. ಊರು ನಮ್ಮದೇ ಆದರೂ ನಮ್ಮಲ್ಲಿ ಎಷ್ಟು ಜನ ಅತ್ತ ಕಡೆ ಹಾಯ್ದೆವೋ!

ಪರೀಕ್ಷಕರಿಗೆ ಸಂಬಳವಿಲ್ಲ. ಸಂಸ್ಥೆಯ ನೌಕರರಾದ ಕೆಲವರನ್ನು ಬಿಟ್ಟರೆ ಉಳಿದವರೆಲ್ಲ ತಮ್ಮ ಸಂಜೆಯನ್ನು ಕೊಟ್ಟು ಮಾಡುವ ಕೆಲಸವಿದು. ಅರ್ಜಿಗಳು ಬಹಳ, ನೋಡುವವರು ಕಡಿಮೆ. ಆದಕಾರಣ ಅವರಲ್ಲಿ ಒಂದು ರೂಢಿ ಬೆಳೆಯಿತು: ನನ್ನ ಪೊಟ್ಟಣವನ್ನು ನೀನು ನೋಡು, ನಿನ್ನದನ್ನು ನಾನು ನೋಡುವೆನು. ಇದನ್ನು ಕೇಳಿದಾಗ ನಮ್ಮ ಹಳ್ಳಿಗಳ ಮುಯ್ಯಾಳಿನ ಪದ್ಧತಿ ನೆನಪಾಗದೆ ಇರದು. ಇಂದು ನಿನ್ನ ಹೊಲದ ಕೊಯ್ಲಿಗೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಮುಯ್ಯಿಗೆ ಮುಯ್ಯಿ. ಜಗತ್ತಿನ ಇಂಜಿನಿಯರರು ನಮ್ಮ ಒಕ್ಕಲುತನದ ನ್ಯಾಯಕ್ಕೇ ಬಂದು ಮುಟ್ಟಿದರಲ್ಲವೆ!

ಇಷ್ಟೆಲ್ಲ ಇದ್ದರೂ ಈ ಪರೀಕ್ಷೆಗೆ ಒಂದು ಕುರುಡು ಮೂಲೆಯಿದೆ. ಹೆಸರು, ಹಕ್ಕು, ಮೂಲ, ಕಟ್ಟಡ ಇವುಗಳನ್ನು ಯಾವ ದೇಶದ ಪರೀಕ್ಷಕನಾದರೂ ನೋಡಬಲ್ಲನು. ಆದರೆ ‘ರಾಷ್ಟ್ರ’ ಎಂಬಲ್ಲಿ ಎರಡು ಒತ್ತುಗಳು ಸರಿಯಾಗಿ ಒಂದರ ಬಳಿ ಒಂದು ಕುಳಿತವೇ, ‘ಸೂರ್ಯ’ದಲ್ಲಿ ಅರ್ಕಾವತ್ತು ತನ್ನ ಜಾಗಕ್ಕೆ ಬಂದಿತೇ, ‘ಲಕ್ಷ್ಮಿ’ಯ ಮಕಾರ ಕೆಳಗಿನ ಸಾಲಿಗೆ ತಾಗಿತೇ ಎಂಬುದನ್ನು ಹೇಳಲು ಕನ್ನಡದ ಕಣ್ಣೇ ಬೇಕು. ನನ್ನ ಮನೆಯ ಮದುವೆಯ ಲಗ್ನಪತ್ರಿಕೆಯನ್ನು ಇದೇ ಊರಿನ ಒಂದು ಅಚ್ಚುಮನೆಯಲ್ಲಿ ಮಾಡಿಸಿದ್ದೆನು. ಅಕ್ಷರ ಜೋಡಿಸಿದವನಿಗೆ ಕನ್ನಡ ಬಾರದು. ಅವನ ಪಾಲಿಗೆ ಎಲ್ಲ ಗುಂಡಾಗಿ ಚೆನ್ನಾಗಿಯೇ ಇತ್ತು. ಕರಡನ್ನು ನೋಡಿ ಸಹಿ ಹಾಕಿದವನು ನಾನು, ಅದೂ ಅವಸರದಲ್ಲಿ. ಪತ್ರಿಕೆಗಳು ಮನೆಗೆ ಬಂದ ಮೇಲೆ ನಮ್ಮ ತಾಯಿಯವರು ಒಂದನ್ನು ದೂರ ಹಿಡಿದು ಓದಿ, “ವಧುವಿನ ಹೆಸರಿನ ಒತ್ತು ಕಳಚಿ ಬಿದ್ದದಲ್ಲೋ” ಎಂದರು. ತಪ್ಪು ಅಚ್ಚುಮನೆಯವನದಲ್ಲ, ಓದಬಲ್ಲವನು ಓದದೆ ಹೋದುದೇ ತಪ್ಪು.

ಇಂಥ ತಪ್ಪು ಲಗ್ನಪತ್ರಿಕೆಯಲ್ಲಿ ಆದರೆ ನೂರು ಮನೆಗೆ ತಿಳಿಯುತ್ತದೆ, ಆಮೇಲೆ ಮರೆತುಹೋಗುತ್ತದೆ. ಜಗತ್ತಿನ ಮಾನಕದಲ್ಲಿ ಆದರೆ? ಹಾಗೆಯೇ ಆಗಿದೆ. ಹಳಗನ್ನಡದ ೞ ಎಂಬ ಅಕ್ಷರವನ್ನು ಬಲ್ಲಿರಿ. ‘ಪೞಗನ್ನಡ’ ಎಂಬ ಶಬ್ದದಲ್ಲಿಯೇ ಅದು ಕುಳಿತಿದೆ. ಪಂಪನ ಕಾಲದ ಕನ್ನಡವನ್ನು ಅದಿಲ್ಲದೆ ಬರೆಯುವಂತಿಲ್ಲ. ಯುನಿಕೋಡಿನ ಪಟ್ಟಿಯಲ್ಲಿ ಅದಕ್ಕೆ ಮನೆಯೇನೋ ದೊರೆಯಿತು. ಆದರೆ ಬಾಗಿಲ ಮೇಲೆ ಬರೆದ ಹೆಸರು ಇಂಗ್ಲಿಷ್ ಉಚ್ಚಾರದ ‘ಫ’ ಎಂಬುದು! ಆಕಾರವು ೞ, ಹೆಸರು ಫ. ಒಮ್ಮೆ ಪಟ್ಟಿಯಲ್ಲಿ ಸೇರಿದ ಹೆಸರನ್ನು ಎಂದಿಗೂ ಬದಲಿಸಬಾರದೆಂಬುದು ಯುನಿಕೋಡಿನ ಕಟ್ಟಳೆ. ಬದಲಿಸಿದರೆ ಅದನ್ನು ನಂಬಿದ ತಂತ್ರಾಂಶಗಳು ಕೆಡುವವು. ಆದುದರಿಂದ ಸರಿಯಾದ ಹೆಸರನ್ನು ತಿದ್ದುಪಡಿಯ ರೂಪದಲ್ಲಿ ಪಕ್ಕದಲ್ಲಿ ಬರೆದಿದ್ದಾರೆ. ತಪ್ಪು ಹೆಸರು ಇದ್ದಲ್ಲಿಯೇ ಇದೆ, ಇರುತ್ತದೆ. ಶಾಸನದಲ್ಲಿ ಕಲ್ಲುಕುಟಿಗನು ತಪ್ಪಿದ ಅಕ್ಷರ ಸಾವಿರ ವರ್ಷ ಉಳಿಯುವಂತೆ ಇದೂ ಉಳಿಯುವುದು. ನಾಕೆಯಲ್ಲಿ ಆ ದಿನ ಹಳಗನ್ನಡ ಬಲ್ಲ ಒಬ್ಬನು ನಿಂತಿದ್ದರೆ ಒಂದು ಮಾತಿನಲ್ಲಿ ಮುಗಿಯುತ್ತಿದ್ದ ಕೆಲಸವಿದು.

ಇನ್ನೊಂದು ಪ್ರಸಂಗವನ್ನು ಹೇಳದೆ ಈ ಇತಿಹಾಸ ಪೂರ್ಣವಾಗದು. ಹೊಸ ಪೊಟ್ಟಣಕ್ಕೆ ಪೂರ್ಣ ಪರೀಕ್ಷೆಯಾಗುವುದು ಮೊದಲ ಸಲ ಒಳಗೆ ಬರುವಾಗ. ಒಮ್ಮೆ ಬಂದ ಮೇಲೆ ಅದರ ಹೊಸ ಆವೃತ್ತಿಗಳಿಗೆ ಅಷ್ಟು ತಪಾಸಣೆ ಇಲ್ಲ. ಪರಿಚಿತರನ್ನು ಯಾರು ತಡೆಯುತ್ತಾರೆ? ಕಡತಗಳನ್ನು ಒತ್ತಿ ಚಿಕ್ಕದು ಮಾಡುವ ಎಕ್ಸ್‌ಝಡ್ ಎಂಬ ಹಳೆಯ ತಂತ್ರಾಂಶವುಂಟು. ಅದನ್ನು ನೋಡಿಕೊಳ್ಳುತ್ತಿದ್ದವನು ಒಬ್ಬನೇ, ದಣಿದವನು. ಜಿಯಾ ಟಾನ್ ಎಂಬ ಹೆಸರಿನಿಂದ ಒಬ್ಬನು ಬಂದು ಎರಡು ವರ್ಷಕ್ಕೂ ಮಿಕ್ಕಿ ವಿನಯದಿಂದ ಸಹಾಯ ಮಾಡಿ, ವಿಶ್ವಾಸ ಗಳಿಸಿ, ಹಂಚುವ ಹಕ್ಕು ಪಡೆದು, 2024ರ ಫೆಬ್ರುವರಿ ಮಾರ್ಚಿನ ಆವೃತ್ತಿಗಳಲ್ಲಿ ಕಳ್ಳಬಾಗಿಲೊಂದನ್ನು ಇಟ್ಟನು. ಎಲ್ಲರೂ ನೋಡುವ ಮೂಲ ಬರಹದಲ್ಲಿ ಇಲ್ಲದ ಒಂದು ತುಣುಕು ಹಂಚಿಕೆಯ ಗಂಟಿನಲ್ಲಿ ಮಾತ್ರ ಇತ್ತು. ಫೆಡೋರಾ, ಡೆಬಿಯನ್‌ಗಳ ಪ್ರಯೋಗದ ಆವೃತ್ತಿಗಳವರೆಗೆ ಅದು ಬಂದೂ ಬಿಟ್ಟಿತ್ತು. ಆಂಡ್ರೆಸ್ ಫ್ರೊಯಿಂಡ್ ಎಂಬ ಇಂಜಿನಿಯರನು ತನ್ನ ಯಂತ್ರಕ್ಕೆ ದೂರದಿಂದ ಪ್ರವೇಶಿಸುವಾಗ ಅರ್ಧ ಸೆಕೆಂಡು ತಡವಾಗುತ್ತಿರುವುದನ್ನು ಗಮನಿಸಿ, ಬೆನ್ನು ಹತ್ತಿ, ಮಾರ್ಚ್ 29ರಂದು ಅದನ್ನು ಬಯಲಿಗೆಳೆದನು. ಅರ್ಧ ಸೆಕೆಂಡು! ಮೊರದಲ್ಲಿ ಅಕ್ಕಿ ಆರಿಸುವ ತಾಯಿಯ ಬೆರಳಿಗೆ ಒಂದು ಹರಳು ತಾಗಿದಂತೆ. ನಿಯಮಗಳು ಬೇಡವೆಂದು ಇದರ ಅರ್ಥವಲ್ಲ. ನಿಯಮದ ಹಿಂದೆ ಎಚ್ಚರವಾದ ಒಂದು ಕಣ್ಣು ಇರದಿದ್ದರೆ ನಿಯಮ ಬರಿಯ ಕಾಗದವೆಂದು ಅರ್ಥ.

ಈಗ ನಮ್ಮ ಮನೆಯ ಮಾತಿಗೆ ಬರೋಣ. ಈಚಿನ ವರ್ಷಗಳಲ್ಲಿ ಲೋಹಿತದ ಜಾಗದಲ್ಲಿ ಗೂಗಲ್ ಸಂಸ್ಥೆಯ ನೋಟೋ ಎಂಬ ಫಾಂಟುಗಳು ಮುಂದೆ ಬಂದಿವೆ. ನಾಳೆ ಬೇರೆ ಬರುವವು. ಪ್ರತಿಯೊಂದು ಸಲವೂ ಕನ್ನಡದ ಒತ್ತು, ದೀರ್ಘ, ಅರ್ಕಾವತ್ತುಗಳನ್ನು ಹೊಸದಾಗಿ ನೋಡಿ ಹೇಳುವವರು ಬೇಕು. ಅದಕ್ಕೆ ಇಂಜಿನಿಯರನೇ ಆಗಬೇಕೆಂದಿಲ್ಲ. ಓದಲು ಬಂದರೆ ಸಾಕು. ತಪ್ಪು ಕಂಡರೆ ಬರೆದು ತಿಳಿಸುವ ವಹಿ ಎಲ್ಲರಿಗೂ ತೆರೆದಿದೆ. ಆದರೆ ಈ ಊರಿನಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳ ಸ್ಥಿತಿ ನಮಗೆ ಗೊತ್ತೇ ಇದೆ. ಗಣಕಯಂತ್ರದ ವಿದ್ಯೆ ಅವರಿಗೆ ಕರತಲಾಮಲಕ. ಮನೆಯಲ್ಲಿ ಕನ್ನಡ ಆಡುತ್ತಾರೆ, ಅಜ್ಜಿಯೊಡನೆ ಜಗಳವನ್ನೂ ಕನ್ನಡದಲ್ಲಿಯೇ ಮಾಡುತ್ತಾರೆ. ಅದೇ ಕನ್ನಡದ ಪುಟವನ್ನು ಮುಂದಿಟ್ಟರೆ ಕಣ್ಣು ಬೇರೆ ಕಡೆ ಹೊರಳುತ್ತದೆ. ಓದಬಲ್ಲ ನಮಗೆ ಯಂತ್ರದ ಹೆದರಿಕೆ. ಯಂತ್ರ ಬಲ್ಲ ಅವರಿಗೆ ಓದು ಬಾರದು. ನಾಕೆಯ ಎರಡೂ ಕಡೆ ನಾವೇ ಇದ್ದು ನಡುವೆ ಯಾರೂ ನಿಂತಿಲ್ಲ.

ಇದಕ್ಕೆ ನನಗೆ ತೋಚುವ ಉಪಾಯ ಸಣ್ಣದು. ರವಿವಾರದ ದಿನ ಅಜ್ಜನೋ ಅಜ್ಜಿಯೋ ಒತ್ತಕ್ಷರಗಳಿರುವ ಹತ್ತು ಶಬ್ದಗಳನ್ನು ಹೇಳಲಿ: ರಾಷ್ಟ್ರ, ಸ್ತ್ರೀ, ಲಕ್ಷ್ಮಿ, ಸೂರ್ಯ, ಜ್ಞಾನ, ಕೃಷ್ಣ, ಹೀಗೆ. ಮೊಮ್ಮಗನು ಯಂತ್ರದಲ್ಲಿ ಬರೆಯಲಿ. ಇಬ್ಬರೂ ಪರದೆಯನ್ನು ನೋಡಲಿ. ಸರಿಯಿದ್ದರೆ ಹುಡುಗನು ಹತ್ತು ಶಬ್ದ ಓದಲು ಕಲಿತಂತಾಯಿತು. ತಪ್ಪಿದ್ದರೆ ಅಜ್ಜಿಯ ಮಾತನ್ನು ಹುಡುಗನು ಇಂಗ್ಲಿಷಿನಲ್ಲಿ ಬರೆದು ಆ ವಹಿಗೆ ಕಳಿಸಲಿ. ಇದೂ ಒಂದು ಮುಯ್ಯಿಯೇ: ಅವಳು ಅವನಿಗೆ ಅಕ್ಷರ ಕೊಟ್ಟಳು, ಅವನು ಅವಳ ಕಣ್ಣನ್ನು ಜಗತ್ತಿಗೆ ಕೊಟ್ಟನು.

ಸ್ವಾರಗೇಟದ ಭೂಮಿಯ ಕೆಳಗೆ 2024ರಿಂದ ಮೆಟ್ರೋ ರೇಲ್ವೆ ಓಡುತ್ತಿದೆ. ಮೇಲೆ ನಮ್ಮ ಕಡೆಯ ಬಸ್ಸುಗಳು ಇಂದಿಗೂ ಬರುತ್ತಿವೆ. ಬಸ್ಸಿನ ಹಣೆಯ ಮೇಲಿನ ಕನ್ನಡ ಫಲಕವನ್ನು ದೂರದಿಂದಲೇ ಓದಿ “ನಮ್ಮದು ಬಂತು” ಎಂದು ಎದ್ದು ನಿಲ್ಲುವ ಮಗುವೊಂದು ಪ್ರತಿ ಮನೆಯಲ್ಲಿರಲಿ. ನಾಕೆಗೆ ಬೇಕಾದ ಸವಾರನು ಆ ಮಗುವೇ.